ಎದೆಯುರಿ ಇರುವವರಿಗೆ ಸೈಡರ್: ‘ಬಿಡಿ’ ಎಂದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಪ್ರಕಟವಾದ, ಜಠರದ ಆಮ್ಲ ಅನ್ನನಾಳಕ್ಕೆ ಹಿಮ್ಮರಳುವ ತೊಂದರೆಯ ಕುರಿತಾದ ಲೇಖನವನ್ನು ಓದಿದೆ. ರೋಗದ ವಿವರಣೆ ಸ್ಪಷ್ಟವಾಗಿಯೇ ಇತ್ತು. ಆದರೆ ವರ್ಜ್ಯ ಪದಾರ್ಥಗಳ ಉದ್ದನೆಯ ಪಟ್ಟಿಯಲ್ಲಿ, ಸೇಬಿನ ರಸವನ್ನು ಹುದುಗಿಸಿ ತಯಾರಿಸುವ ಮದ್ಯವಾದ ಸೈಡರಿನ ಹೆಸರನ್ನಷ್ಟೇ ಸೇರಿಸಿ ಲೇಖಕರು ಮುಂದೆ ಸಾಗಿದ್ದು, ಈ ತೊಂದರೆಯೊಂದಿಗೆ ಬಹುಕಾಲದಿಂದ ಬಾಳುತ್ತಿರುವ ಮತ್ತು ಅಪರೂಪಕ್ಕೊಮ್ಮೆ ಸೈಡರಿನ ರುಚಿಯನ್ನು ಬಯಸುವ ನನ್ನಂಥವರಿಗೆ ಅರ್ಧ ಉತ್ತರವೆನಿಸಿತು. ಕಾರಣ ಹೇಳದ ನಿಷೇಧವನ್ನು ಜನ ಕೆಲವು ದಿನ ಪಾಲಿಸುತ್ತಾರೆ. ಆಮೇಲೆ ಆಮ್ಲ ತಗ್ಗಿಸುವ ಮಾತ್ರೆಯೊಂದನ್ನು ನುಂಗಿ ಮೊದಲಿನಂತೆಯೇ ಕುಡಿಯತೊಡಗುತ್ತಾರೆ. ಹಾಗೆ ಮಾತ್ರೆಯ ಆಸರೆಯಲ್ಲಿ ಕುಡಿಯುವುದೇ ಹೆಚ್ಚು ಅಪಾಯದ್ದೆಂಬುದು ನನ್ನ ಅಭಿಪ್ರಾಯ.

ಸೈಡರ್ ಹುಳಿಯಾದ ಪಾನೀಯ, ಆದ್ದರಿಂದ ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ ಎಂಬ ಸಾಮಾನ್ಯ ತರ್ಕದಿಂದಲೇ ಆರಂಭಿಸಬಹುದು. ಆಮ್ಲೀಯತೆಯ ಅಳತೆಯಾದ ಪಿಎಚ್ ಸೈಡರಿನಲ್ಲಿ ಹೆಚ್ಚುಕಡಿಮೆ 3.2ರಿಂದ 4ರ ನಡುವೆ ಇರುತ್ತದೆ. ಖಾಲಿ ಹೊಟ್ಟೆಯಲ್ಲಿರುವ ಜಠರರಸದ ಪಿಎಚ್ 1.5ರಿಂದ 2ರ ಆಸುಪಾಸಿನದು. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆಯಾದ್ದರಿಂದ, ಜಠರಕ್ಕೆ ಸೈಡರಿನ ಹುಳಿ ಲೆಕ್ಕಕ್ಕೇ ಬಾರದು. ಆ ಹುಳಿ ತೊಂದರೆ ಕೊಡುವುದು ಅನ್ನನಾಳದಲ್ಲಿ: ಅಲ್ಲಿನ ಒಳಪದರ ಮೊದಲೇ ಕೆರಳಿದ್ದರೆ, ಕೆಳಗಿಳಿಯುವಾಗಲೇ ಅದು ಚುರುಗುಟ್ಟಿಸುತ್ತದೆ.

ಮುಖ್ಯವಾದ ಕಾರಣಗಳು ಬೇರೆಯೇ ಇವೆ. ಅನ್ನನಾಳವು ಜಠರವನ್ನು ಸೇರುವ ಕಡೆ, ಸಂಚಿಯ ಬಾಯಿಯನ್ನು ಬಿಗಿಯುವ ಲಾಡಿಯಂತೆ, ಸ್ನಾಯುವಿನ ಉಂಗುರವೊಂದಿದೆ. ನುಂಗುವಾಗ ಸಡಿಲಗೊಂಡು ಉಳಿದ ಹೊತ್ತಿನಲ್ಲಿ ಬಿಗಿಯಾಗಿರಬೇಕಾದ ಈ ಉಂಗುರದ ಬಿಗಿಯನ್ನು ಮದ್ಯಸಾರ ತಗ್ಗಿಸುತ್ತದೆ, ಮೇಲೆ ಬಂದ ಆಮ್ಲವನ್ನು ಮತ್ತೆ ಕೆಳಕ್ಕೆ ತಳ್ಳುವ ಅನ್ನನಾಳದ ಚಲನೆಯನ್ನೂ ಕುಗ್ಗಿಸುತ್ತದೆ. ಜೊತೆಗೆ ಸೈಡರಿನ ಗುಳ್ಳೆಗಳಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊಟ್ಟೆಯನ್ನು ಉಬ್ಬಿಸುತ್ತದೆ; ಹೊಟ್ಟೆ ಉಬ್ಬಿದಾಗ ತೇಗನ್ನು ಹೊರಬಿಡಲು ಅದೇ ಉಂಗುರ ತೆರೆದುಕೊಳ್ಳುತ್ತದೆ ಮತ್ತು ಗಾಳಿಯ ಜೊತೆ ಹುಳಿನೀರೂ ಮೇಲೇರುತ್ತದೆ. ಮೂರನೆಯದೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಬಿಯರ್, ವೈನ್‌ಗಳಂಥ ಹುದುಗಿಸಿದ ಪಾನೀಯಗಳು ಜಠರದ ಆಮ್ಲಸ್ರಾವವನ್ನು ಬಲವಾಗಿ ಪ್ರಚೋದಿಸುತ್ತವೆ, ಆದರೆ ಹುದುಗಿಸಿದ ಮೇಲೆ ಭಟ್ಟಿ ಇಳಿಸಿದ ಮದ್ಯಗಳು ಹಾಗೆ ಮಾಡುವುದಿಲ್ಲ. ಹುದುಗುವಾಗ ಉಂಟಾಗುವ ಸಕ್ಸಿನಿಕ್ ಆಮ್ಲದಂಥ ವಸ್ತುಗಳು ಇದಕ್ಕೆ ಕಾರಣವೆಂದು ಜರ್ಮನಿಯ ಸಂಶೋಧಕರು 1999ರಲ್ಲಿ ತೋರಿಸಿದರು. ಸೈಡರ್ ಕೂಡ ಯೀಸ್ಟಿನಿಂದ ಹುದುಗಿದ ಪಾನೀಯವೇ. (ಇದನ್ನು ಓದಿ ಯಾರೂ ವಿಸ್ಕಿಯ ಕಡೆಗೆ ತಿರುಗಬೇಕಾಗಿಲ್ಲ, ಉಂಗುರವನ್ನು ಸಡಿಲಿಸುವ ಕೆಲಸವನ್ನು ಅದೂ ಚೆನ್ನಾಗಿಯೇ ಮಾಡುತ್ತದೆ.)

ಕಾರಣಗಳು ಇವಾದರೆ, ಎಲ್ಲ ಸೈಡರುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ. ಇಂಗ್ಲೆಂಡಿನ ಲಾಂಗ್ ಆ್ಯಷ್ಟನ್ ಸಂಶೋಧನಾ ಕೇಂದ್ರವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸೈಡರ್ ಸೇಬುಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿತ್ತು. ರಸದಲ್ಲಿ ಆಮ್ಲ ಶೇಕಡಾ 0.45ಕ್ಕಿಂತ ಹೆಚ್ಚೋ ಕಡಿಮೆಯೋ, ಒಗರು ಕೊಡುವ ಟ್ಯಾನಿನ್ ಶೇಕಡಾ 0.2ಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದೇ ಆ ವಿಂಗಡಣೆಯ ಆಧಾರ. ಇವುಗಳಲ್ಲಿ ‘ಬಿಟರ್‌ಸ್ವೀಟ್’ ಎಂದು ಕರೆಯುವ, ಒಗರು ಹೆಚ್ಚಾಗಿದ್ದು ಹುಳಿ ಕಡಿಮೆಯಿರುವ ಸೇಬುಗಳಿಂದ ತಯಾರಾದ ಸೈಡರ್ ಕೆರಳಿದ ಗಂಟಲಿಗೆ ಎಷ್ಟೋ ಮೃದು. ಹುಳಿಸೇಬುಗಳ ಸೈಡರ್ ಹಾಗಲ್ಲ. ಕೆಲವು ತಯಾರಕರು ಯೀಸ್ಟಿನ ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾಗಳಿಂದ ಎರಡನೆಯ ಹುದುಗುವಿಕೆಗೂ ಅವಕಾಶ ಕೊಡುತ್ತಾರೆ. ಆಗ ಸೇಬಿನ ತೀಕ್ಷ್ಣವಾದ ಮಾಲಿಕ್ ಆಮ್ಲವು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ಒಟ್ಟು ಹುಳಿ ಇಳಿಯುತ್ತದೆ. ಗುಳ್ಳೆಗಳೇ ಇಲ್ಲದ ಸೈಡರೂ ದೊರೆಯುತ್ತದೆ, ಮತ್ತು ನನ್ನ ಅನುಭವದಲ್ಲಿ ಬೇರೆಲ್ಲ ಆಯ್ಕೆಗಳಿಗಿಂತ ಹೆಚ್ಚು ವ್ಯತ್ಯಾಸ ತಂದದ್ದು ಅದೇ. ಅದು ಸಿಗದಿದ್ದರೆ ಅಗಲವಾದ ಲೋಟಕ್ಕೆ ಸುರಿದು, ಚಮಚದಿಂದ ಕಲಕಿ, ನೊರೆ ಪೂರ್ತಿ ಅಡಗುವವರೆಗೆ ಕಾಯಬಹುದು. ರಸಜ್ಞರು ಮೂಗು ಮುರಿದಾರು, ಮುರಿಯಲಿ.

ಮದ್ಯಸಾರವಿಲ್ಲದ ಸೈಡರ್ ನಿರಪಾಯವೆಂಬ ಭಾವನೆಗೂ ಪೂರ್ತಿ ಆಧಾರವಿಲ್ಲ. ಮದ್ಯಸಾರ ಹೋದರೂ ಹುಳಿ ಉಳಿಯುತ್ತದೆ, ಬಹುಪಾಲು ಬಾಟಲಿಗಳಲ್ಲಿ ಗುಳ್ಳೆಗಳೂ ಉಳಿಯುತ್ತವೆ. ಸೇಬಿನಲ್ಲಿ ಸಹಜವಾಗಿರುವ ಸಾರ್ಬಿಟಾಲ್ ಎಂಬ ಸಿಹಿಪದಾರ್ಥವನ್ನು ಯೀಸ್ಟ್ ಹುದುಗಿಸಲಾರದಾದ್ದರಿಂದ ಅದು ಎಲ್ಲ ಸೈಡರಿನಲ್ಲಿಯೂ ಇರುತ್ತದೆ, ಪಿಯರ್ ಹಣ್ಣಿನಿಂದ ಇದೇ ರೀತಿ ತಯಾರಿಸುವ ‘ಪೆರಿ’ಯಲ್ಲಂತೂ ಇನ್ನೂ ಹೆಚ್ಚು. ಅದು ಒಗ್ಗದವರಿಗೆ ಹೊಟ್ಟೆಯುಬ್ಬರ ತಪ್ಪಿದ್ದಲ್ಲ.

ಇನ್ನು ಪ್ರಮಾಣ. ಶೇಕಡಾ 5ರ ಸೈಡರಿನ 330 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿದ್ದರೆ, ಶೇಕಡಾ 7ರ ಅರ್ಧ ಲೀಟರಿನಲ್ಲಿ 27 ಗ್ರಾಂ ದಾಟುತ್ತದೆ. ಇಬ್ಬರೂ ‘ಒಂದೇ ಬಾಟಲಿ ಕುಡಿದೆ’ ಎನ್ನುತ್ತಾರೆ, ಆದರೆ ಎರಡನೆಯವರ ಹೊಟ್ಟೆಗೆ ಹೋದದ್ದು ಎರಡು ಪಟ್ಟಿಗಿಂತ ಹೆಚ್ಚು. ಪ್ರಮಾಣದಷ್ಟೇ ಮುಖ್ಯವಾದದ್ದು ಹೊತ್ತು. ಮಲಗಿದಾಗ ಆಮ್ಲವನ್ನು ಕೆಳಗೇ ಇರಿಸುವ ಗುರುತ್ವದ ನೆರವು ತಪ್ಪುತ್ತದೆ, ಅದನ್ನು ತೊಳೆಯುವ ಜೊಲ್ಲಿನ ಸ್ರಾವವೂ ನಿದ್ದೆಯಲ್ಲಿ ಇಳಿಯುತ್ತದೆ; ಆದ್ದರಿಂದ ಮಲಗುವುದಕ್ಕೆ ಕನಿಷ್ಠ ಮೂರು ಗಂಟೆ ಮೊದಲೇ ಲೋಟ ಕೆಳಗಿಡಬೇಕು. ಸಂಜೆಯ ಸಣ್ಣ ಲೋಟ ಸುಮ್ಮನಿದ್ದೀತು, ಭಾರಿ ಊಟದ ಮೇಲೆ ತಡರಾತ್ರಿ ಕುಡಿದ ಅದೇ ಲೋಟ ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ಮಂಚದ ತಲೆಭಾಗವನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು, ಎಡಮಗ್ಗುಲಿಗೆ ಮಲಗುವುದು ಇವೂ ಫಲ ಕೊಡುತ್ತವೆ. ಅಮೆರಿಕದ ಜಠರ-ಕರುಳು ತಜ್ಞವೈದ್ಯರ ಸಂಘಟನೆಯಾದ ‘ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ’ 2022ರಲ್ಲಿ ಹೊರತಂದ ಮಾರ್ಗಸೂಚಿ ಕೂಡ, ರೋಗಲಕ್ಷಣ ತಗ್ಗಿಸಲು ತೊಂದರೆ ಕೆರಳಿಸುವ ಆಹಾರಗಳನ್ನು ದೂರವಿಡಬೇಕೆನ್ನುತ್ತದೆ; ಒಬ್ಬರನ್ನು ಕೆರಳಿಸಿದ್ದು ಇನ್ನೊಬ್ಬರನ್ನು ಕೆರಳಿಸಲೇಬೇಕೆಂದಿಲ್ಲವಾದ್ದರಿಂದ, ಯಾವ ಸೈಡರ್, ಎಷ್ಟು, ಎಷ್ಟು ಹೊತ್ತಿಗೆ, ರಾತ್ರಿ ಏನಾಯಿತು ಎಂದು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳುವುದೇ ಯಾವ ಸಿದ್ಧಪಟ್ಟಿಗಿಂತಲೂ ಮೇಲು.

ಮಾತ್ರೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಔಷಧಗಳು ಆಮ್ಲ ಸ್ರವಿಸುವ ಪಂಪುಗಳನ್ನು ಅವು ಚುರುಕಾಗಿರುವಾಗ ಮಾತ್ರ ಕಟ್ಟಿಹಾಕಬಲ್ಲವಾದ್ದರಿಂದ, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಕುಡಿದು ಎದೆಯುರಿ ಶುರುವಾದ ಮೇಲೆ ನುಂಗಿದರೆ ಆ ಹೊತ್ತಿಗೆ ಉಪಯೋಗವಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವು ಆಮ್ಲವನ್ನು ಕಡಿಮೆ ಮಾಡುತ್ತವೆಯೇ ಹೊರತು ಸಡಿಲಗೊಂಡ ಉಂಗುರವನ್ನು ಬಿಗಿಗೊಳಿಸುವುದಿಲ್ಲ. ಉರಿ ಇಲ್ಲದಿದ್ದರೂ ಹಿಮ್ಮುಖ ಹರಿವು ನಡೆದೇ ಇರುತ್ತದೆ. ‘ಇವತ್ತು ಮಾತ್ರೆ ತೆಗೆದುಕೊಂಡಿದ್ದೇನೆ, ಇನ್ನೊಂದು ಲೋಟ ಅಡ್ಡಿಯಿಲ್ಲ’ ಎನ್ನುವವರು ದೇಹ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತಿದ್ದಾರಷ್ಟೆ.

ಸೇಬಿನ ಸೈಡರ್ ವಿನೆಗರ್ ಕುಡಿದರೆ ಎದೆಯುರಿ ಗುಣವಾಗುತ್ತದೆಂಬ ಪ್ರಚಾರವನ್ನೂ ಲೇಖನ ಮುಟ್ಟಬೇಕಿತ್ತು. ಸೈಡರಿನ ಮದ್ಯಸಾರವನ್ನು ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲವಾಗಿಸಿದಾಗ ಸಿಗುವ ಈ ದ್ರವ ಎದೆಯುರಿಯನ್ನು ಗುಣಪಡಿಸುತ್ತದೆಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ. ಹಲ್ಲಿನ ಹೊರಕವಚವನ್ನು ಸವೆಸುವ, ಅನ್ನನಾಳವನ್ನು ಕೆರಳಿಸುವ ಗುಣವಂತೂ ಇದೆ.

ಇಷ್ಟು ಬರೆದದ್ದನ್ನು ಕುಡಿಯಲು ಕೊಟ್ಟ ಅನುಮತಿಯೆಂದು ಯಾರೂ ಭಾವಿಸಬಾರದು. ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಅನ್ನನಾಳದಲ್ಲಿ ಹುಣ್ಣಾಗಿರುವವರು, ‘ಬ್ಯಾರೆಟ್ ಅನ್ನನಾಳ’ (ಬಹುಕಾಲದ ಆಮ್ಲದ ಕೆರಳಿಕೆಯಿಂದ ಅನ್ನನಾಳದ ಒಳಪದರವೇ ಬದಲಾಗುವ ಸ್ಥಿತಿ) ಇದೆಯೆಂದು ಗುರುತಿಸಲ್ಪಟ್ಟವರು, ಯಕೃತ್ತಿನ ಕಾಯಿಲೆಯುಳ್ಳವರು, ಗರ್ಭಿಣಿಯರು, ಕುಡಿತದ ಚಟದಿಂದ ಹೊರಬಂದವರು ಇವರಿಗೆ ಮೇಲಿನ ಯಾವ ಆಯ್ಕೆಯೂ ಅನ್ವಯಿಸುವುದಿಲ್ಲ. ಅವರಿಗೆ ‘ಬಿಡಿ’ ಎಂಬುದೇ ಸರಿಯಾದ ಉತ್ತರ.

ಮುಂದೆ ಈ ವಿಷಯದ ಬಗ್ಗೆ ಬರೆಸುವಾಗ ವರ್ಜ್ಯಗಳ ಪಟ್ಟಿಗೆ ಕೊಡುವಷ್ಟೇ ಜಾಗವನ್ನು ಅಪಾಯದ ಚಿಹ್ನೆಗಳಿಗೂ ಕೊಡಬೇಕೆಂದು ಕೋರುತ್ತೇನೆ. ನುಂಗುವಾಗ ಆಹಾರ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಟಾರಿನಂತೆ ಕಪ್ಪಾದ ಮಲ, ರಕ್ತಹೀನತೆ ಇವುಗಳಲ್ಲಿ ಯಾವುದು ಕಂಡರೂ ಸೈಡರಿನ ಬಗೆ ಬದಲಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ ಎಂಡೋಸ್ಕೊಪಿಯ ಅಗತ್ಯವನ್ನು ವಿಚಾರಿಸಬೇಕು. ಎದೆಯುರಿಯೆಂದುಕೊಂಡ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಬಂದರೆ, ಅದನ್ನು ಹೃದಯದ ತೊಂದರೆಯೆಂದೇ ಭಾವಿಸಿ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು.

ಇತಿ,
ತಮ್ಮ ಪತ್ರಿಕೆಯ ಓದುಗ