ಬಂಡೆ ಮೇಲೆ ಸ್ವಲ್ಪ ಹೊತ್ತು

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. "ಪಿಜಿ ರೂಮಲ್ಲಿ ಮೂರು ಜನ, ಐದು ನಿಮಿಷ ಕಣ್ಣು ಮುಚ್ಚಿ ಕೂರೋಕೂ ಜಾಗ ಇಲ್ಲ" ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿ ತೀರಿಕೊಂಡಾಗ ನಾನು ವಿಶ್ವೇಶ್ವರಪುರದ ಒಂದು ವಠಾರದಲ್ಲಿದ್ದೆ. ಎಂಟು ಮನೆಗೆ ಒಂದೇ ನಲ್ಲಿ. ಊರಲ್ಲಿ ವೈಕುಂಠ ಸಮಾರಾಧನೆ ಮುಗಿಸಿ ವಾಪಸ್ ಬಂದರೆ, ಅಳೋಕೂ ಒಂದು ಮೂಲೆ ಇರಲಿಲ್ಲ. ಒಂದು ಬೆಳಿಗ್ಗೆ ಸುಮ್ನೆ ನಡೆದುಕೊಂಡು ಲಾಲ್‌ಬಾಗಿಗೆ ಹೋದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ, ಜನ ಓಡಾಡುವ ಕಡೆ ಬಿಟ್ಟು ಇಳಿಜಾರಿನಲ್ಲಿ ಕೂತೆ. ಕಲ್ಲಲ್ಲಿ ರಾತ್ರಿಯ ತಂಪು ಇನ್ನೂ ಇತ್ತು. ಹತ್ತಿರದಿಂದ ನೋಡಿದರೆ ಅದು ಬರೀ ಬೂದು ಬಣ್ಣವಲ್ಲ ಪುಟ್ಟಿ. ಕಪ್ಪು, ಬಿಳಿ ಪಟ್ಟೆಗಳು ಅಕ್ಕಪಕ್ಕ ಡೊಂಕುಡೊಂಕಾಗಿ ಸಾಗುತ್ತವೆ, ಅಮ್ಮನ ಹಳೇ ಸೀರೆಯ ಹಾಗೆ. ಒಂದು ಸಣ್ಣ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಮೈನಾ ಬಂದು ಕುಡಿದು ಹೋಯಿತು. ಪಟ್ಟೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದೆ. ಅಳು ತಾನಾಗೇ ಬಂತು.

ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಹೈದರಾಲಿ 1760ರಲ್ಲಿ ತೋಟ ಹಾಕಿಸಿದ್ದು ಹಾಗಿರಲಿ, ನೆಲದ ಮೇಲೆ ಒಂದು ಹುಲ್ಲುಕಡ್ಡಿ ಹುಟ್ಟುವುದಕ್ಕೂ ಮುಂಚಿನ ಕಲ್ಲು ಅದು. ದೇವರು ಅಂದರೆ ಏನಿರಬಹುದು ಅಂತ ನನಗೆ ಸ್ವಲ್ಪವಾದರೂ ಹೊಳೆದದ್ದು ಅಲ್ಲೇ. ನಿನ್ನ ದೊಡ್ಡಮ್ಮನಿಗೆ ಗವಿಗಂಗಾಧರೇಶ್ವರನ ಗುಡಿಯಲ್ಲಿ ಹಾಗಾಗುತ್ತೆ. ಅದೂ ಸರಿಯೇ.

ನಿನ್ನ ಜಾಗ ಮಾತ್ರ ಹತ್ತಿರದ್ದಾಗಿರಲಿ. ಕೊಡಚಾದ್ರಿಗೆ ವರ್ಷಕ್ಕೊಂದು ಸಲ ಹೋಗಬಹುದು, ದಿನಾ ಆಗಲ್ಲ ಅಲ್ವಾ? ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕವಾದರೂ ಪರವಾಗಿಲ್ಲ. ಅದೇ ಜಾಗ, ಅದೇ ಹೊತ್ತು. ಮೊದಲ ಒಂದು ವಾರ ತಲೆಯಲ್ಲಿ ಬರೀ ಆಫೀಸಿನದೇ ಗಲಾಟೆ ಇರುತ್ತೆ. ಇರಲಿ, ಎದ್ದು ಬರಬೇಡ. ಮೊಬೈಲ್ ರೂಮಲ್ಲೇ ಬಿಟ್ಟು ಹೋಗು. ಫೋಟೋ ತೆಗೆಯೋಕೆ ಶುರುಮಾಡಿದರೆ, ಯಾರಿಗೆ ಕಳಿಸಲಿ ಅಂತ ಮನಸ್ಸು ಆಗಲೇ ಅಲ್ಲಿಂದ ಹೊರಟುಬಿಡುತ್ತೆ.

ಮುಂದಿನ ತಿಂಗಳು ಕಣ್ಣು ತೋರಿಸೋಕೆ ಬೆಂಗಳೂರಿಗೆ ಬರುತ್ತಿದ್ದೇನೆ. ಒಂದು ದಿನ ಬೆಳಿಗ್ಗೆ ಆರಕ್ಕೇ ಹೋಗೋಣ. ನಾನು ಕೂರುತ್ತಿದ್ದ ಜಾಗ ತೋರಿಸುತ್ತೇನೆ. ಆಮೇಲೆ ನೀನು ಒಬ್ಬಳೇ ಕೂತಿರು, ನಾನು ಕೆಳಗೆ ಬೆಂಚಿನ ಮೇಲೆ ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ