ಟೂಟು ಮನೆಯ ಹೆಣ್ಣುಮಕ್ಕಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಬಿಷಪ್ ಡೆಸ್ಮಂಡ್ ಟೂಟು ಅಂದರೆ ನಮ್ಮ ಪತ್ರಿಕೆಗಳು 1984ರ ನೊಬೆಲ್ ಪ್ರಶಸ್ತಿಗೇ ನಿಂತುಬಿಡುತ್ತವೆ. ಮನೆಯವರ ಕಥೆ ಬೇಡವಾ? ತಾಯಿ ಅಲೆತಾ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು. ಒಮ್ಮೆ ಟ್ರೆವರ್ ಹಡಲ್‌ಸ್ಟನ್ ಎಂಬ ಬಿಳಿಯ ಪಾದ್ರಿ ಆಕೆಯನ್ನು ಕಂಡು ಹ್ಯಾಟ್ ಎತ್ತಿ ಗೌರವ ತೋರಿಸಿದ್ದನ್ನು ಹುಡುಗ ಡೆಸ್ಮಂಡ್ ಬೆರಗಾಗಿ ನೋಡಿದ್ದ, ಕಪ್ಪು ಕೆಲಸದಾಕೆಗೆ ಬಿಳಿಯನೊಬ್ಬ ಹಾಗೆ ಮರ್ಯಾದೆ ಕೊಡುವುದು ಆಗ ಊಹಿಸಲೂ ಆಗದ ಮಾತು, ಮುಂದೆ ತನ್ನ ಮಗನಿಗೂ ಟ್ರೆವರ್ ಅಂತಲೇ ಹೆಸರಿಟ್ಟರು.

1955ರಲ್ಲಿ ಕೈಹಿಡಿದ ಲೇಯಾ ಮುಂದೆ ಮನೆಗೆಲಸದವರ ಹಕ್ಕಿಗಾಗಿ ದುಡಿದರು. ಅತ್ತೆಯಂಥವರ ಪರ ಸೊಸೆ ನಿಂತದ್ದು ಸಣ್ಣ ವಿಷಯವಲ್ಲ, ಅಲ್ವಾ? ಮಗಳು ಎಂಫೋ ಪಾದ್ರಿಯಾದರು. ಆದರೆ ಹೆಣ್ಣೊಬ್ಬರನ್ನು ಮದುವೆಯಾದರು ಅಂತ ಅಲ್ಲಿನ ಚರ್ಚ್‌ನಲ್ಲಿ ಆ ಸೇವೆ ಬಿಡಬೇಕಾಯಿತು. ನನಗಂತೂ ಇದು ಅನ್ಯಾಯ. ದಯವಿಟ್ಟು ಲೇಯಾ ಬಗ್ಗೆ ಒಂದು ಪೂರ್ತಿ ಲೇಖನ ಹಾಕಿ.

— ಓದುಗ, ಧಾರವಾಡ