ಎಲ್ಲ ಸ್ಟಾರ್ಟರ್‌ಗೂ ಒಂದೇ ಸೀಡ್ ಬೇಡ

ಮಾನ್ಯ ಸಂಪಾದಕರೇ,

ಮೂರು ಫೇಸ್ ಕರೆಂಟ್ ಬಂದ ತಕ್ಷಣ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದರೆ ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ಗತಿ ಏನು ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. ನೇರವಾಗಿ ಶುರುವಾಗುವ ಮೋಟಾರು ಮೊದಲಿಗೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೇ ಕೆಲವು ಆಟೊ ಸ್ಟಾರ್ಟರ್‌ಗಳಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಒಳಗಿನ ಚಿಪ್ಪೇ ರ‍್ಯಾಂಡಮ್ ಆಗಿ ಆರಿಸಬೇಕು.

ನಾನು ತಿಪಟೂರಿನಲ್ಲಿ ಇಂಥ ಸ್ಟಾರ್ಟರ್‌ಗಳ ಬೋರ್ಡ್ ರಿಪೇರಿ ಮಾಡುತ್ತೇನೆ, ಪ್ರೋಗ್ರಾಂ ಕೂಡ ಬರೆಯುತ್ತೇನೆ. ಮೊನ್ನೆ ಒಂದೇ ಕಂಪನಿಯ ಮೂರು ಬೋರ್ಡ್‌ಗಳನ್ನು ಒಂದೇ ಸ್ವಿಚ್‌ಗೆ ಸೇರಿಸಿ ಆನ್ ಮಾಡಿದೆ. ಮೂರರ ರಿಲೇಯೂ (ಮೋಟಾರು ಹಾಕುವ ಸ್ವಿಚ್) ಒಂದೇ ಸಲ ‘ಟಕ್’ ಅಂದವು. ಆಫ್ ಮಾಡಿ ಮತ್ತೆ ಹಾಕಿದರೂ ಅಷ್ಟೇ ಹೊತ್ತು, ಅದೇ ‘ಟಕ್’.

ಚಿಪ್ಪಿನ ರ‍್ಯಾಂಡಮ್ ಸಂಖ್ಯೆ ಅಂದರೆ ಒಂದು ಸೂತ್ರ. ಶುರುವಿನ ಸಂಖ್ಯೆ, ಅಂದರೆ ಸೀಡ್, ಒಂದೇ ಆದರೆ ಮುಂದಿನ ಸಾಲೂ ಒಂದೇ. ಪ್ರೋಗ್ರಾಂ ಬರೆಯುವ ಸಿ ಭಾಷೆಯಲ್ಲಿ ನೀವು ಸೀಡ್ ಕೊಡದಿದ್ದರೆ ಅದು 1 ಅಂತಲೇ ಲೆಕ್ಕ. ಸಾವಿರ ಬೋರ್ಡ್ ಮಾರಿದರೂ ಸಾವಿರವೂ ಒಟ್ಟಿಗೇ ಏಳುತ್ತವೆ.

ಹೊಸದಾಗಿ ಓದಿ ಬಂದ ಹುಡುಗರು ‘ಮರ್ಸೆನ್ ಟ್ವಿಸ್ಟರ್ ಹಾಕೋಣ ಸರ್’ ಅನ್ನುತ್ತಾರೆ. ಅದೂ ಇಂಥದೇ ಒಂದು ಸೂತ್ರ, ಆದರೆ ಅದಕ್ಕೆ ಸುಮಾರು 2,500 ಬೈಟ್ ಮೆಮೊರಿ ಬೇಕು. ಕಲಿಯುವವರು ಬಳಸುವ ಆರ್ಡುಯಿನೊ ಊನೊ (ಆರ್3) ಎಂಬ ಸಣ್ಣ ಬೋರ್ಡ್‌ನ ಚಿಪ್ಪಿನ ರ‍್ಯಾಮ್ ಇರುವುದೇ 2,048 ಬೈಟ್! ಗಣಿತಜ್ಞ ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಪ್ರಕಟಿಸಿದ ಸೂತ್ರವಾದ ಎಕ್ಸಾರ್‌ಶಿಫ್ಟ್‌ಗೆ 4 ಬೈಟ್ ಸಾಕು. 400 ಕೋಟಿಗೂ ಜಾಸ್ತಿ ಸಂಖ್ಯೆ ಕೊಟ್ಟ ಮೇಲೆಯೇ ಅದು ಮೊದಲಿನಿಂದ ಶುರುವಾಗುವುದು. ಸೀಡ್ ಮಾತ್ರ ಸೊನ್ನೆ ಆಗಬಾರದು, ಸೊನ್ನೆ ಆಯಿತೆಂದರೆ ಮುಂದೆಲ್ಲ ಸೊನ್ನೆಯೇ ಬರುತ್ತಾ ಇರುತ್ತದೆ.

ಹಾಗಾದರೆ ಸೀಡ್ ಎಲ್ಲಿಂದ ತರುವುದು? ಖಾಲಿ ಬಿಟ್ಟ ಅನಲಾಗ್ ಪಿನ್ (ವೋಲ್ಟೇಜ್ ಅಳೆಯುವ ಚಿಪ್ಪಿನ ಕಾಲು) ಓದುವುದು ರೂಢಿ. ಆ ಊನೊದಲ್ಲಿ ಅದು ಕೊಡುವುದು ಹೆಚ್ಚೆಂದರೆ 1,024 ಬೇರೆ ಬೇರೆ ಸಂಖ್ಯೆ, ಅದೂ ಬಹುಪಾಲು ಹತ್ತಿರ ಹತ್ತಿರದ್ದು. ನಾನು ಮಾಡುವುದು ಹೀಗೆ: 32 ಬಿಟ್‌ನ ಸೀಡ್‌ನಲ್ಲಿ ಮೇಲಿನ 16 ಬಿಟ್‌ಗೆ ಬೋರ್ಡ್‌ನ ಸೀರಿಯಲ್ ನಂಬರ್, ಕೆಳಗಿನ 16ಕ್ಕೆ ಕರೆಂಟ್ ಬಂದಾಗಲೆಲ್ಲ ಒಂದೊಂದು ಏರುವ ಲೆಕ್ಕ. ಎರಡನ್ನೂ ಸುಮ್ನೆ ಕೂಡಿಸಬೇಡಿ. ಎರಡು ಬೋರ್ಡ್‌ಗಳ ಮೊತ್ತ ಒಮ್ಮೆ ಒಂದೇ ಆಯಿತೆಂದರೆ ಆಮೇಲೆ ಜೊತೆಜೊತೆಗೇ ನಡೆಯುತ್ತವೆ. ಮೊದಲ ಕೆಲವು ಸಂಖ್ಯೆಗಳನ್ನು ಬಿಟ್ಟುಬಿಡಿ, ಅಕ್ಕಪಕ್ಕದ ಸೀಡ್‌ಗಳಲ್ಲಿ ಅವು ಒಂದನ್ನೊಂದು ಹೋಲುತ್ತವೆ. ಈ ಲೆಕ್ಕ ಇಡುವ ಇಇಪ್ರಾಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಒಂದು ಲಕ್ಷ ಸಲ ಬರೆಯುವುದನ್ನು ತಾಳುತ್ತದೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ 27 ವರ್ಷ ಬಂತು, ಅಲ್ವಾ?

ಮೊಬೈಲ್‌ನಿಂದ ಮೋಟಾರು ಹಾಕುವ ಬೋರ್ಡ್‌ಗಳ ಪಾಸ್‌ವರ್ಡ್‌ಗೆ ಮಾತ್ರ ಇದು ಖಂಡಿತ ಬೇಡ. ಎಕ್ಸಾರ್‌ಶಿಫ್ಟ್‌ನ ಒಂದು ಪೂರ್ತಿ ಸಂಖ್ಯೆ ಸಿಕ್ಕಿದರೆ ಮುಂದಿನದನ್ನೆಲ್ಲ ಲೆಕ್ಕ ಹಾಕಬಹುದು. ಅಲ್ಲಿಗೆ ಚಿಪ್ಪಿನಲ್ಲೇ ರ‍್ಯಾಂಡಮ್ ಹಾರ್ಡ್‌ವೇರ್ ಇರಬೇಕು.

ಲ್ಯಾಬ್‌ನಲ್ಲಿ ಒಂದೇ ಬೋರ್ಡ್ ಇಟ್ಟು ಪರೀಕ್ಷಿಸಿದರೆ ಈ ದೋಷ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ತಯಾರಕರು ಮಾರುವ ಮೊದಲು ಹತ್ತು ಬೋರ್ಡ್‌ಗಳನ್ನಾದರೂ ಒಟ್ಟಿಗೆ ಆನ್ ಮಾಡಿ ನೋಡಲಿ. ವಿದ್ಯುತ್ ಕಂಪನಿಗಳು ಆ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಲಿ.

– ಸ್ಟಾರ್ಟರ್ ಬೋರ್ಡ್ ರಿಪೇರಿ ಮಾಡುವವ, ತಿಪಟೂರು